ತಟ್ಟೆಯೊಳಗಿನ ತಲೆ

ಕಿರಿಯಳು: ಮಾವ, ನಿನ್ನೆ ರಾತ್ರಿ ಒಂದು ಹಳೆಯ ಅಮೆರಿಕನ್ ಚಲಚ್ಚಿತ್ರವನ್ನು ನೋಡಿದೆ. ನೋಡಿ ಮುಗಿದ ಮೇಲೆ ದೀಪವಾರಿಸಲು ಮನಸ್ಸು ಬರಲಿಲ್ಲ. ಭಯದಿಂದಲ್ಲ, ಅದರಲ್ಲಿ ಕೇಳಿದ ಒಂದು ಧ್ವನಿ ಬೆಳಗಾದರೂ ಕಿವಿಯನ್ನು ಬಿಟ್ಟು ಹೋಗಲಿಲ್ಲವಾಗಿ. ನಿಮ್ಮೊಡನೆ ಅದರ ಮಾತನ್ನಾಡಬೇಕೆಂದೇ ಮೊದಲ ಬಸ್ಸಿಗೆ ಹೊರಟು ಬಂದೆ.

ಹಿರಿಯರು: ಒಂದು ಸಿನಿಮಾದ ಮಾತಿಗಾಗಿ ಇಷ್ಟು ದೂರ ಬಂದೆಯಾ? ಬಂದದ್ದು ಒಳ್ಳೆಯದಾಯಿತು, ಕೂತುಕೋ. ಯಾವುದಮ್ಮ ಆ ಚಿತ್ರ?

ಕಿರಿಯಳು: ‘ದಿ ಬ್ರೈನ್ ದಟ್ ವುಡಂಟ್ ಡೈ’ ಎಂದು ಹೆಸರು, ಸಾಯಲೊಲ್ಲದ ಮಿದುಳು ಎಂದರ್ಥ. 1959ರಲ್ಲಿ ನ್ಯೂಯಾರ್ಕಿನ ಆಸುಪಾಸಿನಲ್ಲಿ ತೆಗೆದು, ಕೊಳ್ಳುವವರಿಲ್ಲದೆ ಮೂರು ವರ್ಷ ಡಬ್ಬಿಯಲ್ಲೇ ಕೊಳೆತು, 1962ರಲ್ಲಿ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ಸಂಸ್ಥೆಯ ಕೈಯಿಂದ, ಒಂದೇ ಟಿಕೇಟಿಗೆ ಎರಡು ಚಿತ್ರ ತೋರಿಸುತ್ತಿದ್ದ ಆ ಕಾಲದ ಪದ್ಧತಿಯಲ್ಲಿ, ಇನ್ನೊಂದು ಅಂಥದೇ ಬಡಚಿತ್ರದ ಜೊತೆಗೆ ಹೊರಬಂದುದು. ನಿರ್ದೇಶಕ ಜೋಸೆಫ್ ಗ್ರೀನ್. ಖರ್ಚಾದದ್ದು ಸುಮಾರು 62 ಸಾವಿರ ಡಾಲರುಗಳೆಂದು ಹೇಳುತ್ತಾರೆ. ಅದೇ ಹೊತ್ತಿನಲ್ಲಿ ಹಿಚ್‌ಕಾಕ್ ‘ಸೈಕೊ’ ಚಿತ್ರವನ್ನು ಎಂಟು ಲಕ್ಷದಲ್ಲಿ ಮುಗಿಸಿದಾಗ, ಇಷ್ಟು ಅಗ್ಗದಲ್ಲಿ ಮುಗಿಸಿದರಲ್ಲ ಎಂದು ಜನ ಬೆರಗಾಗಿದ್ದರಂತೆ. ಅದನ್ನು ನೆನೆದರೆ ಈ ಮೊತ್ತ ಎಂಥದೆಂಬುದು ತಿಳಿಯುತ್ತದೆ.

ಹಿರಿಯರು: ಪ್ರಯೋಗಶಾಲೆಯ ಕಥೆ ತಾನೆ? ನನಗೆ ಆ ಜಾತಿಯ ಚಿತ್ರಗಳ ಮೇಲೆ ಹಳೆಯ ಕೋಪವಿದೆ. ಮೂವತ್ತೊಂದು ವರ್ಷ ಶರೀರಶಾಸ್ತ್ರವನ್ನು ಪಾಠ ಹೇಳಿದವನು ನಾನು. ಒಂದು ಕಪ್ಪೆಯ ನರದಲ್ಲಿ ವಿದ್ಯುತ್ತು ಎಷ್ಟು ವೇಗದಲ್ಲಿ ಹರಿಯುತ್ತದೆಂಬುದನ್ನು ಅಳೆಯಲು ಒಬ್ಬ ಮನುಷ್ಯ ಎಷ್ಟು ವರ್ಷಗಳ ತಾಳ್ಮೆಯನ್ನು ತೇಯಬೇಕಾಗುತ್ತದೆಂಬುದನ್ನು ಬಲ್ಲವನು. ಆ ಚಿತ್ರಗಳಲ್ಲಾದರೋ ವಿಜ್ಞಾನಿಯೆಂದರೆ ಕೂದಲು ಕೆದರಿದ ಹುಚ್ಚ, ಪ್ರಯೋಗಶಾಲೆಯೆಂದರೆ ಮಾಟಗಾರನ ಅಡುಗೆಮನೆ. ಬಣ್ಣದ ನೀರು ಕುದಿಯುವ ನಾಲ್ಕು ಗಾಜಿನ ಬುರುಡೆಗಳಿದ್ದರೆ ಶಾಸ್ತ್ರವೆಲ್ಲ ಬಂದಂತಾಯಿತು.

ಕಿರಿಯಳು: ಇದರಲ್ಲಿಯೂ ಆ ಬುರುಡೆಗಳಿವೆ, ಬಣ್ಣ ಮಾತ್ರ ಕಾಣುವುದಿಲ್ಲ, ಕಪ್ಪುಬಿಳುಪಿನ ಚಿತ್ರವಾದುದರಿಂದ. ಆದರೆ ಇದರ ವೈದ್ಯ ಕೂದಲು ಕೆದರಿದವನಲ್ಲ. ಬಿಲ್ ಕಾರ್ಟ್‌ನರ್ ಎಂಬ ಅವನು ಕ್ರಾಪನ್ನು ಒಪ್ಪವಾಗಿ ಬಾಚಿದ, ಲಕ್ಷಣವಾದ ತರುಣ, ತಂದೆಯೂ ಶಸ್ತ್ರವೈದ್ಯ. ಮೊದಲ ದೃಶ್ಯದಲ್ಲಿ ತಂದೆ ಮೇಜಿನ ಮೇಲಿನ ರೋಗಿಯನ್ನು ಉಳಿಸಲಾರದೆ ಕೈಚೆಲ್ಲುತ್ತಾನೆ. ಸತ್ತವನಿಗೆ ಇನ್ನೇನು ಕೇಡಾದೀತು, ನನಗೊಂದು ಅವಕಾಶ ಕೊಡಿ ಎಂದು ಮಗ ಕೇಳಿಕೊಂಡು, ಎದೆಯನ್ನೂ ಮಿದುಳನ್ನೂ ತನ್ನ ಕ್ರಮದಲ್ಲಿ ಪ್ರಚೋದಿಸಿ ಅವನನ್ನು ಬದುಕಿಸಿಬಿಡುತ್ತಾನೆ. ಗಮನಿಸಿ ಮಾವ, ಕಥೆ ಮೊದಲಾಗುವುದು ಸೋಲಿನಿಂದಲ್ಲ, ಗೆಲವಿನಿಂದ. ಅವನ ಆಮೇಲಿನ ನಡೆಯೆಲ್ಲ ಆ ಒಂದು ಗೆಲವಿನ ಸಲಿಗೆಯಿಂದ ಹುಟ್ಟಿದುದು.

ಹಿರಿಯರು: ಅದು ನಿಜವಾದ ಅವಲೋಕನ. ಮೊದಲ ಸಲವೇ ಗೆದ್ದ ಶಸ್ತ್ರವೈದ್ಯನನ್ನು ನಾನೂ ಕಂಡಿದ್ದೇನೆ. ಅವನ ಕೈಗೆ ಹೆದರಿಕೆ ಬರಲು ಬಹಳ ಕಾಲ ಹಿಡಿಯುತ್ತದೆ. ಮುಂದೆ?

ಕಿರಿಯಳು: ಅವನು ಆಸ್ಪತ್ರೆಯಿಂದ ಕೈಕಾಲುಗಳನ್ನು ಕದ್ದೊಯ್ದು ಊರಾಚೆಯ ಮನೆಯ ನೆಲಮಾಳಿಗೆಯಲ್ಲಿ ಅಂಗಗಳನ್ನು ಕಸಿ ಮಾಡುವ ಪ್ರಯೋಗ ನಡೆಸುತ್ತಿರುತ್ತಾನೆ. ಮದುವೆ ನಿಶ್ಚಯವಾದ ಹೆಣ್ಣು ಜಾನ್, ಅದೇ ಆಸ್ಪತ್ರೆಯ ದಾದಿ, ಅವಳನ್ನು ಕೂರಿಸಿಕೊಂಡು ಆ ಮನೆಗೆ ಕಾರನ್ನು ಅತಿವೇಗದಲ್ಲಿ ಓಡಿಸುವಾಗ ಅಪಘಾತವಾಗುತ್ತದೆ. ಅಪಘಾತವನ್ನು ತೋರಿಸಲು ಹಣವೆಲ್ಲಿ? ರಸ್ತೆಯ ಫಲಕ, ತಿರುವು, ಹೊಗೆ, ಬೆಂಕಿ, ಬೆಂಕಿಯ ನಡುವೆ ಒಂದು ಕೈ, ಇಷ್ಟೆ. ಅವನು ಉರಿಯೊಳಕ್ಕೆ ಕೈಯಿಟ್ಟು ಏನನ್ನೋ ಎತ್ತಿಕೊಂಡು, ಕೋಟಿನಲ್ಲಿ ಸುತ್ತಿ, ಆ ಗಂಟನ್ನು ಎದೆಗವಚಿ ಮರಗಳ ನಡುವೆ ಓಡುತ್ತಾನೆ. ಬಹಳ ಹೊತ್ತು ಓಡುತ್ತಾನೆ. ಒಳಗಿರುವುದು ಏನೆಂದು ನಮಗೆ ಯಾರೂ ಹೇಳುವುದಿಲ್ಲ. ಹೇಳದೆಯೇ ಗೊತ್ತಾಗುವುದರಿಂದ ಆ ಓಟವನ್ನು ನೋಡುವುದು ಕಷ್ಟ.

ಹಿರಿಯರು: ತಲೆ.

ಕಿರಿಯಳು: ತಲೆ. ಮುಂದಿನ ದೃಶ್ಯದಲ್ಲಿ ಅದು ಒಂದು ತಟ್ಟೆಯೊಳಗೆ, ನೆತ್ತಿಯಿಂದ ಗಲ್ಲದವರೆಗೆ ಬಿಳಿಯ ಪಟ್ಟಿ ಸುತ್ತಿಸಿಕೊಂಡು, ಕೊರಳ ಬುಡದಲ್ಲಿ ಕೊಳವೆಗಳನ್ನೂ ಸುತ್ತ ದ್ರವವನ್ನೂ ಇಟ್ಟುಕೊಂಡು ನಿಂತಿರುತ್ತದೆ. ಕಣ್ಣು ತೆರೆಯುತ್ತದೆ. ಆಮೇಲೆ ಮಾತನಾಡುತ್ತದೆ.

ಹಿರಿಯರು: ಅಲ್ಲಿಯೇ ನನ್ನ ಆಕ್ಷೇಪಣೆ ಬರುತ್ತದೆ, ಅದನ್ನು ನುಂಗಿಕೊಳ್ಳಲಾರೆ. ಮಾತೆಂಬುದು ತಲೆಯ ಕೆಲಸವಲ್ಲ, ಎದೆಯ ಕೆಲಸ. ಶ್ವಾಸಕೋಶದಿಂದ ಮೇಲಕ್ಕೆ ತಳ್ಳಿದ ಗಾಳಿ ಧ್ವನಿತಂತುಗಳ ನಡುವಿನ ಸಂದಿಯಲ್ಲಿ ನುಗ್ಗುವಾಗ ಅವು ನಡುಗಿದರಷ್ಟೇ ನಾದ. ಎದೆಯಿಲ್ಲದ ತಲೆ ತುಟಿಯಾಡಿಸೀತು, ಕಣ್ಣು ಹೊರಳಿಸೀತು, ಒಂದಕ್ಷರ ನುಡಿಯಲಾರದು. ಇಷ್ಟು ಸಣ್ಣ ಸಂಗತಿಯನ್ನು ತಿಳಿಯದವರು ವಿಜ್ಞಾನದ ಮೇಲೆ ತೀರ್ಪು ಕೊಡಲು ಹೊರಟರೆ ಹೇಗೆ?

ಕಿರಿಯಳು: ಆಕ್ಷೇಪಣೆ ಸರಿಯಾದುದೇ. ಅದನ್ನು ಹಾಗೆಯೇ ಇಟ್ಟುಕೊಳ್ಳಿ ಮಾವ, ಸ್ವಲ್ಪ ಹೊತ್ತಿಗೆ ನನಗೆ ಅದು ಬೇಕಾಗುತ್ತದೆ. ಬೇರ್ಪಟ್ಟ ತಲೆ ಬದುಕಿರುವುದಾದರೂ ಸಾಧ್ಯವೇ, ಅದನ್ನು ಹೇಳಿ.

ಹಿರಿಯರು: ಅದು ಬರಿಯ ಕಟ್ಟುಕಥೆಯಲ್ಲ. 1920ರ ದಶಕದಲ್ಲಿ ಮಾಸ್ಕೋವಿನ ಸೆರ್ಗೆ ಬ್ರುಖೋನೆಂಕೊ ‘ಆಟೋಜೆಕ್ಟರ್’ ಎಂಬ ಯಂತ್ರವನ್ನು ಕಟ್ಟಿದ. ರಕ್ತಕ್ಕೆ ಆಮ್ಲಜನಕವನ್ನು ಕೂಡಿಸಿ, ಹೃದಯದ ಬದಲಿಗೆ ತಾನೇ ನೂಕುವ ಯಂತ್ರ. ಇಂದು ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಯಂತ್ರಗಳ ಪೂರ್ವಜರಲ್ಲಿ ಅದೂ ಒಂದು. ಅದಕ್ಕೆ ಒಂದು ನಾಯಿಯ ಬೇರ್ಪಡಿಸಿದ ತಲೆಯನ್ನು ಜೋಡಿಸಿ, 1928ರಲ್ಲಿ ಸಹೋದ್ಯೋಗಿಗಳ ಸಭೆಯೊಂದರಲ್ಲಿ ತೋರಿಸಿದನು. ಬೆಳಕು ಬಿದ್ದರೆ ಆ ತಲೆ ಕಣ್ಣು ಮಿಟುಕಿಸುತ್ತಿತ್ತು. ತುಟಿಗೆ ಹುಳಿ ಸವರಿದರೆ ನಾಲಗೆಯಿಂದ ನೆಕ್ಕಿಕೊಳ್ಳುತ್ತಿತ್ತು. 1940ರಲ್ಲಿ ಆ ಪ್ರಯೋಗಗಳ ಮೇಲೆ ಒಂದು ಕಿರುಚಿತ್ರವೂ ಬಂತು, ಅದಕ್ಕೆ ಪೀಠಿಕೆಯ ಮಾತನ್ನಾಡಿದವರು ಜೆ. ಬಿ. ಎಸ್. ಹಾಲ್ಡೇನ್.

ಕಿರಿಯಳು: ನಮ್ಮ ದೇಶಕ್ಕೆ ಬಂದು ನೆಲೆಸಿದ ಹಾಲ್ಡೇನರೇ?

ಹಿರಿಯರು: ಅವರೇ. 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಕಲ್ಕತ್ತೆಗೆ ಬಂದು, ಭಾರತದ ಪೌರತ್ವವನ್ನು ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ಅವರ ವಿಷಯದಲ್ಲಿ ನನಗಿರುವ ಗೌರವಕ್ಕೆ ಕಾರಣ ಬೇರೆ. ಅಮೋನಿಯಂ ಕ್ಲೋರೈಡನ್ನು ಕುಡಿದು ರಕ್ತದ ಆಮ್ಲತೆ ಹೇಗೆ ಬದಲಾಗುವುದೆಂದು ತನ್ನ ಮೈಯಲ್ಲಿಯೇ ನೋಡಿದರು. ಯುದ್ಧಕಾಲದಲ್ಲಿ ಜಲಾಂತರ್ಗಾಮಿಯ ನಾವಿಕರಿಗಾಗಿ ಒತ್ತಡದ ಕೋಣೆಯೊಳಗೆ ತಾನೇ ಹೊಕ್ಕು, ಅಧಿಕ ಒತ್ತಡದ ಆಮ್ಲಜನಕದಿಂದ ಸೆಳವು ಬಂದು ಬೆನ್ನುಮೂಳೆಯನ್ನು ಜಜ್ಜಿಸಿಕೊಂಡರು. ಪ್ರಯೋಗದ ಪ್ರಾಣಿಯೂ ತಾನೇ, ಪ್ರಯೋಗಕಾರನೂ ತಾನೇ. ಇನ್ನು ಸಾಕು ಎಂದು ಹೇಳುವ ಬಾಯಿಯೂ ನಿಲ್ಲಿಸುವ ಕೈಯೂ ಒಬ್ಬನವೇ ಆಗಿರುವಲ್ಲಿ ನನಗೆ ಯಾವ ದಿಗಿಲೂ ಇಲ್ಲ.

ಕಿರಿಯಳು: ಈ ಚಿತ್ರದ ದಿಗಿಲೆಲ್ಲ ಅವೆರಡೂ ಬೇರೆ ಬೇರೆಯಾಗಿರುವುದರಲ್ಲಿದೆ. ಬಿಲ್ ತಾನು ಪ್ರೇಮದಿಂದ ಮಾಡುತ್ತಿದ್ದೇನೆಂದು ನಂಬಿದ್ದಾನೆ, ಅದು ನಟನೆಯಲ್ಲ. ಅವಳಿಗೊಂದು ಹೊಸ ಶರೀರವನ್ನು ಹುಡುಕಿ ತರಲು ಅವನಿಗೆ ಸುಮಾರು ಎರಡು ದಿನಗಳ ಗಡುವು. ತಟ್ಟೆಯಲ್ಲಿನ ಜಾನ್‌ಳಾದರೋ ಮೊದಲಿನಿಂದ ಕೊನೆಯವರೆಗೆ ಒಂದನ್ನೇ ಬೇಡುತ್ತಾಳೆ: ನನ್ನನ್ನು ಸಾಯಗೊಡಿ. ಅವನು ಅವಳ ಜ್ವರವನ್ನು ನೋಡುತ್ತಾನೆ, ದ್ರವದ ಮಟ್ಟವನ್ನು ನೋಡುತ್ತಾನೆ, ಗಡಿಯಾರವನ್ನು ನೋಡುತ್ತಾನೆ. ಆ ಮಾತೊಂದನ್ನು ಮಾತ್ರ ರೋಗಲಕ್ಷಣವೆಂದು ಎಣಿಸಿ ಬದಿಗಿಡುತ್ತಾನೆ.

ಹಿರಿಯರು: ಕಸಿ ಮಾಡಿದ ಅಂಗವನ್ನು ಮೈ ಒಲ್ಲೆನೆಂದು ತಳ್ಳಿಬಿಡುವುದನ್ನಾದರೂ ಆ ಚಿತ್ರದವರು ಅರಿತಿದ್ದರೋ? 1954ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮೂತ್ರಪಿಂಡವನ್ನು ಕಸಿ ಮಾಡಿ ಗೆದ್ದದ್ದು ಇಬ್ಬರು ಸಮರೂಪಿ ಅವಳಿಗಳ ನಡುವೆ. ಬೇರೆಯವರ ಅಂಗವನ್ನು ನಂಬಿಕೆಯಿಂದ ಉಳಿಸುವ ಔಷಧ 1959ರಲ್ಲಿ ಯಾರ ಕೈಯಲ್ಲಿಯೂ ಇರಲಿಲ್ಲ.

ಕಿರಿಯಳು: ಅರಿತಿದ್ದರು ಮಾವ. ಬಿಲ್‌ನ ಸಹಾಯಕ ಕುರ್ಟ್ ಎಂಬವನೊಬ್ಬನಿದ್ದಾನೆ. ತಾನೂ ಹಿಂದೆ ವೈದ್ಯನಾಗಿದ್ದವನು. ಅವನಿಗೆ ಕೂಡಿಸಿದ ಕೈ ಹತ್ತದೆ ಹೋಗಿ, ಒಣಗಿದ ಬಳ್ಳಿಯಂತೆ ಮುರುಟಿಕೊಂಡಿದೆ. ಅದನ್ನು ಸರಿಪಡಿಸುವೆನೆಂಬ ಭರವಸೆಯ ಮೇಲೆ ಅವನು ಆ ನೆಲಮಾಳಿಗೆಗೆ ಅಂಟಿಕೊಂಡಿದ್ದಾನೆ. ಅದಕ್ಕಾಗಿಯೇ ಒಂದು ಹೊಸ ಸೀರಮ್ಮಿನ ಮಾತನ್ನೂ ತರುತ್ತಾರೆ. ಇನ್ನು ಮುಚ್ಚಿದ ಬಾಗಿಲೊಂದರ ಹಿಂದೆ, ಹಿಂದಿನ ಪ್ರಯೋಗಗಳಲ್ಲಿ ಉಳಿದ ತುಂಡುಗಳನ್ನೆಲ್ಲ ಕೂಡಿಸಿ ಮಾಡಿದ ಇನ್ನೊಂದು ಜೀವವಿದೆ. ಅದು ಆಗಾಗ ಬಾಗಿಲನ್ನು ಗುದ್ದುತ್ತದೆ.

ಹಿರಿಯರು: ಅದು ಕಾಣುವುದೇ ಇಲ್ಲವೆ?

ಕಿರಿಯಳು: ಕೊನೆಯ ಕೆಲವು ನಿಮಿಷಗಳವರೆಗೆ ಕಾಣುವುದಿಲ್ಲ. ಬಡತನ ಇಲ್ಲಿ ಗುರುವಾಗಿ ಬಂತೆಂದೇ ನನ್ನ ಎಣಿಕೆ. ರಾಕ್ಷಸನನ್ನು ಒಂದು ಗಂಟೆ ತೋರಿಸಬೇಕಾದರೆ ಮುಖವಾಡ, ಬಣ್ಣ, ಕುಶಲಿಗಳು, ದಿನಗಟ್ಟಲೆ ಕೂಲಿ. ಬಾಗಿಲನ್ನು ತೋರಿಸುವುದಕ್ಕೆ ಒಂದು ಬಾಗಿಲು ಸಾಕು. ಮಧ್ಯದಲ್ಲಿ ಊಟ ನೂಕುವ ಒಂದು ಸಣ್ಣ ಕಿಂಡಿ, ಹೊರಗೆ ಅಗುಳಿ, ಒಳಗಿನಿಂದ ಒಂದು ಗುದ್ದು. ಚಿತ್ರಕ್ಕೆ ಮೊದಲು ಇಟ್ಟಿದ್ದ ಹೆಸರೇ ಕಪ್ಪು ಬಾಗಿಲು ಎಂದು. ಆಮೇಲೆ ಸಾಯಲೊಲ್ಲದ ತಲೆ ಎಂದಾಯಿತು, ಕೊನೆಗೆ ಸಾಯಲೊಲ್ಲದ ಮಿದುಳು. ಮುಕ್ತಾಯದ ಫಲಕದಲ್ಲಿ ಇಂದಿಗೂ ‘ತಲೆ’ ಎಂದೇ ಇದೆ. ಮೊದಲಲ್ಲಿ ಮಿದುಳು, ಕೊನೆಯಲ್ಲಿ ತಲೆ. ಅದನ್ನು ಕಂಡಾಗ ಹರಿದ ಅಂಗಿಯ ತೇಪೆಯನ್ನು ಕಂಡಷ್ಟು ಮರುಕವಾಯಿತು.

ಹಿರಿಯರು: ತಟ್ಟೆಯೊಳಗಿನ ತಲೆಯನ್ನು ಹೇಗೆ ತೋರಿಸಿದರು?

ಕಿರಿಯಳು: ಸಂತೆಯ ಮೋಡಿಯವನು ತೋರಿಸುವ ಹಾಗೆಯೇ. ಮೇಜಿನಲ್ಲಿ ಒಂದು ರಂಧ್ರ. ನಟಿ ಕೆಳಗೆ ಕುಳಿತು, ಕೊರಳನ್ನು ರಂಧ್ರದಲ್ಲಿ ತೂರಿಸಿ, ಸುತ್ತ ತಟ್ಟೆ. ಆದರೆ ಅದರಿಂದ ಒಂದು ಪರಿಣಾಮ ಒದಗಿತು, ಅದನ್ನು ನಿಮಗೆ ತಿಳಿಸಲೇಬೇಕು. ನಟಿ ವರ್ಜೀನಿಯಾ ಲೀತ್. ಸ್ಟ್ಯಾನ್ಲಿ ಕುಬ್ರಿಕ್‌ರ ಮೊದಲ ಕಥಾಚಿತ್ರದಲ್ಲಿ, 1953ರಲ್ಲಿ, ಅಭಿನಯಿಸಿದ್ದವಳು. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿಯೂ ಕೆಲಸ ಮಾಡಿದ್ದಳು. ಅಂಥವಳಿಗೆ ಇಲ್ಲಿ ಕೈಯಿಲ್ಲ, ಭುಜವಿಲ್ಲ, ನಡಿಗೆಯಿಲ್ಲ, ಕೂದಲು ಕೂಡ ಪಟ್ಟಿಯೊಳಗೆ. ಕೊರಳನ್ನು ತಿರುಗಿಸಲೂ ಆಗದೆ, ಕೋಣೆಯಲ್ಲಿ ಯಾರು ನಡೆದಾಡಿದರೂ ಅವಳು ಕಣ್ಣಿನಿಂದಷ್ಟೇ ಹಿಂಬಾಲಿಸಬೇಕು. ಅವರು ಬೆನ್ನ ಹಿಂದೆ ಹೋದರೆ ಕಣ್ಣು ಒಂದಂಚಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದೆ ಬರಿಯ ಕಿವಿ. ಅವಳು ಪಿಸುಮಾತಿಗಿಂತ ಸ್ವಲ್ಪವೇ ಮೇಲಿನ, ಒಣಗಿದ, ಆತುರವಿಲ್ಲದ ದನಿಯಲ್ಲಿ ಮಾತನಾಡುತ್ತಾಳೆ. ಬೇಡಿಕೊಳ್ಳುತ್ತಿದ್ದವಳು ಬರಬರುತ್ತ ಬೇಡುವುದನ್ನು ಬಿಡುತ್ತಾಳೆ. ಕುರ್ಟ್‌ನನ್ನು ಪ್ರಶ್ನಿಸುತ್ತಾಳೆ, ತನ್ನಲ್ಲಿ ಹೊಸ ಶಕ್ತಿಯೊಂದು ಹುಟ್ಟಿದೆಯೆನ್ನುತ್ತಾಳೆ, ಬಾಗಿಲಿನ ಹಿಂದಿನ ಜೀವದೊಡನೆ ಮನಸ್ಸಿನಿಂದಲೇ ಮಾತು ಬೆಳೆಸುತ್ತಾಳೆ. ನೀನಿದ್ದರೆ ಒಂದು ಸಲ ಗುದ್ದು ಎನ್ನುತ್ತಾಳೆ, ಗುದ್ದು ಬೀಳುತ್ತದೆ.

ಹಿರಿಯರು: ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಫ್ರಾಂಕೆನ್‌ಸ್ಟೈನನ ಸೃಷ್ಟಿ ಅಧ್ಯಾಯಗಟ್ಟಲೆ ಮಾತನಾಡುತ್ತದೆ, ತನ್ನನ್ನು ಮಾಡಿದವನನ್ನು ಎದುರಿಗೆ ನಿಲ್ಲಿಸಿಕೊಂಡು ಏಕೆ ಮಾಡಿದೆಯೆಂದು ಕೇಳುತ್ತದೆ. 1931ರ ಪ್ರಸಿದ್ಧ ಚಿತ್ರದಲ್ಲಿ ಅದರ ಮಾತನ್ನೆಲ್ಲ ಕಿತ್ತುಕೊಂಡು, ಬೋರಿಸ್ ಕಾರ್ಲಾಫ್‌ಗೆ ನರಳುವ ದನಿಯನ್ನಷ್ಟೇ ಬಿಟ್ಟರು. ನೀನು ಹೇಳುವುದನ್ನು ಕೇಳಿದರೆ, ಹಣವಂತರು ಕಿತ್ತುಕೊಂಡುದನ್ನು ಈ ಬಡವರು ಹಿಂದಕ್ಕೆ ಕೊಟ್ಟರೆಂದು ತೋರುತ್ತದೆ.

ಕಿರಿಯಳು: ನನಗೆ ಹೊಳೆದುದೂ ಅದೇ. ಆದರೆ ಚಿತ್ರವನ್ನು ಹೊಗಳಿಯೇ ಮುಗಿಸಿದರೆ ಅನ್ಯಾಯವಾದೀತು. ನಡುಭಾಗ ಕೆಟ್ಟದ್ದು. ಬಿಲ್ ಶರೀರವನ್ನು ಹುಡುಕಿಕೊಂಡು ಕುಣಿತದ ಕ್ಲಬ್ಬಿಗೂ, ಸೌಂದರ್ಯಸ್ಪರ್ಧೆಗೂ ಹೋಗುವುದನ್ನೂ, ಕಾರಿನೊಳಗಿನಿಂದ ಬೀದಿಯ ಹೆಂಗಸರನ್ನು ಅಳೆಯುವುದನ್ನೂ ತೋರಿಸುವಾಗ ಕ್ಯಾಮೆರಾ ಅವನ ಕಣ್ಣನ್ನೇ ಕಡತಂದು, ಅವನು ಯಾವುದಕ್ಕಾಗಿ ಶಿಕ್ಷಾರ್ಹನೋ ಅದನ್ನೇ ತಾನೂ ಮಾಡುತ್ತದೆ. ಆ ಹೊತ್ತಿನಲ್ಲಿ ನನಗೆ ಎದ್ದುಹೋಗೋಣವೆನಿಸಿತು. 1993ರಲ್ಲಿ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ದೂರದರ್ಶನದ ಕಾರ್ಯಕ್ರಮದವರು ಈ ಚಿತ್ರವನ್ನು ಆದಿಯಿಂದ ಅಂತ್ಯದವರೆಗೆ ಗೇಲಿ ಮಾಡಿದರು, ಗೇಲಿಗೆ ಆಸ್ಪದವಿಲ್ಲವೆನ್ನಲಾರೆ. ಕೊನೆಗೆ ಅವನು ಆರಿಸುವುದು ಡೋರಿಸ್ ಎಂಬವಳನ್ನು. ರೂಪದರ್ಶಿಯಾಗಿ ನಿಂತು ಹೊಟ್ಟೆಹೊರೆಯುವವಳು, ಮುಖದ ಒಂದು ಪಕ್ಕದಲ್ಲಿ ಗಾಯದ ಕಲೆಯುಳ್ಳವಳು, ಗಂಡಸರನ್ನು ನಂಬದವಳು. ನಿನ್ನ ಕಲೆಯನ್ನು ಅಳಿಸುವೆನೆಂದು ಅವಳಿಗೆ ಮಾತು ಕೊಡುತ್ತಾನೆ. ಅವನು ಬಲೆ ಬೀಸುವುದೆಲ್ಲ ಹೀಗೆ, ಚಿಕಿತ್ಸೆಯ ಆಸೆಯಿಂದಲೇ. ಕುರ್ಟ್‌ಗೂ ಅದೇ, ಅವಳಿಗೂ ಅದೇ.

ಹಿರಿಯರು: ನಮ್ಮಲ್ಲಿ ಸಿಡಿತಲೆಗಲ್ಲುಗಳನ್ನು ನೋಡಿದ್ದೀಯಲ್ಲವೆ? ಬಾಗಿಸಿದ ಗಳುವಿಗೆ ಜುಟ್ಟನ್ನು ಕಟ್ಟಿಸಿಕೊಂಡು, ತಲೆಯನ್ನು ಅರ್ಪಿಸುವ ಭಕ್ತನೋ ಬಂಟನೋ ಕಲ್ಲಿನಲ್ಲಿ ಕೈಮುಗಿದು ಕುಳಿತಿರುತ್ತಾನೆ. ಅದನ್ನು ನಾನು ಒಪ್ಪುವವನಲ್ಲ, ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೂ ಕೊಟ್ಟ ತಲೆಗೂ ಇಟ್ಟುಕೊಂಡ ತಲೆಗೂ ಅಂತರವಿದೆಯೆಂಬುದು ಈಗ ನಿನ್ನ ಮಾತಿನಿಂದ ಮನಸ್ಸಿಗೆ ಬಂತು. ಬಾಗಿಲಿನ ಹಿಂದಿನವನು ಯಾರು ಕೊನೆಗೆ?

ಕಿರಿಯಳು: ಎಡ್ಡಿ ಕಾರ್ಮೆಲ್. ಏಳಡಿಗೂ ಮೀರಿ ಬೆಳೆದಿದ್ದ ನ್ಯೂಯಾರ್ಕಿನ ಮನುಷ್ಯ. ಬೆಳವಣಿಗೆಯ ಗ್ರಂಥಿಯ ರೋಗದಿಂದ ಹಾಗಾಗಿದ್ದುದು. 1970ರಲ್ಲಿ ಡಯಾನ್ ಆರ್ಬಸ್ ತೆಗೆದ ಹೆಸರಾಂತ ಛಾಯಾಚಿತ್ರವೊಂದರಲ್ಲಿ ಅವನು ಬ್ರಾಂಕ್ಸಿನ ತನ್ನ ಮನೆಯಲ್ಲಿ, ಚಾವಣಿಗೆ ತಗಲುವಷ್ಟು ಎತ್ತರದಲ್ಲಿ, ಬಾಗಿ, ಕೋಲೂರಿ ನಿಂತಿದ್ದಾನೆ. ಅವನ ಸೊಂಟದ ಮೇಲಕ್ಕೆ ಅಷ್ಟಾಗಿ ಬಾರದ ತಾಯಿ ಕತ್ತೆತ್ತಿ ಮಗನ ಮುಖವನ್ನು ನೋಡುತ್ತಿದ್ದಾಳೆ, ಪಕ್ಕದಲ್ಲಿ ತಂದೆ. ಎರಡು ವರ್ಷಕ್ಕೆ ಅವನು ತೀರಿಕೊಂಡ. ಆ ಪಟವನ್ನು ನಾನು ಮೊದಲೇ ನೋಡಿದ್ದೆನಾದುದರಿಂದ, ಸಿನಿಮಾದಲ್ಲಿ ಬಾಗಿಲು ಮುರಿದು ಅವನು ಹೊರಗೆ ಬಂದಾಗ, ಮುಖಕ್ಕೆ ಮೆತ್ತಿದ ವಿಕಾರವೆಲ್ಲ ಕರಗಿ ಆ ತಾಯಿಯ ಎತ್ತಿದ ಕತ್ತೇ ಕಣ್ಣಿಗೆ ಕಟ್ಟಿತು. ಕಿಂಡಿಯಿಂದ ಕೈಚಾಚಿ ಕುರ್ಟ್‌ನ ತೋಳನ್ನು ಕಿತ್ತು ಕೊಂದವನು ಅವನು. ಬಿಲ್‌ನನ್ನು ಕೊಲ್ಲುವವನೂ ಅವನೇ. ಆದರೆ ಪ್ರಯೋಗಶಾಲೆಗೆ ಬೆಂಕಿ ಬಿದ್ದಾಗ ಮೇಜಿನ ಮೇಲೆ ಮೈಮರೆತು ಮಲಗಿದ್ದ ಡೋರಿಸಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೊರಗೆ ನಡೆಯುವವನೂ ಅವನೇ. ಜಾನ್ ಉರಿಯ ನಡುವೆ ಉಳಿಯುತ್ತಾಳೆ. ಸಾಯಗೊಡು ಎಂದು ನಾನು ಹೇಳಿದ್ದೆನಲ್ಲ ಎಂದು ನಗುತ್ತಾಳೆ, ತೆರೆ ಕಪ್ಪಾಗುತ್ತದೆ. ಮಾವ, ಅವಳ ಧ್ವನಿ ಚಿತ್ರದ ಕೊನೆಯ ಮಾತಷ್ಟೇ ಅಲ್ಲ, ಮೊದಲ ಮಾತೂ ಅದೇ. ಯಾವ ಮುಖವೂ ಕಾಣುವ ಮೊದಲು, ಕತ್ತಲೆಯಿಂದ, ಅದೇ ಬೇಡಿಕೆ ಕೇಳಿಬರುತ್ತದೆ.

ಹಿರಿಯರು: 1947ರಲ್ಲಿ, ನಾಜಿ ವೈದ್ಯರ ವಿಚಾರಣೆ ಮುಗಿದಾಗ, ನ್ಯೂರೆಂಬರ್ಗಿನ ನ್ಯಾಯಾಧೀಶರು ಮನುಷ್ಯರ ಮೇಲಿನ ಪ್ರಯೋಗಕ್ಕೆ ಹತ್ತು ನಿಯಮಗಳನ್ನು ಬರೆದರು. ಮೊದಲನೆಯದನ್ನು ಎಲ್ಲರೂ ಬಲ್ಲರು: ಪ್ರಯೋಗಕ್ಕೆ ಒಳಗಾಗುವವನ ಸ್ವಂತ ಸಮ್ಮತಿ ಇರಲೇಬೇಕು. ತರಗತಿಯಲ್ಲಿ ನಾನು ವರ್ಷವೂ ಅದನ್ನು ಹೇಳುತ್ತಿದ್ದೆ. ಒಂಬತ್ತನೆಯದನ್ನು ಹೇಳುವುದಕ್ಕೆ ಹೊತ್ತು ಸಾಲುತ್ತಿರಲಿಲ್ಲ. ಇನ್ನು ಮುಂದುವರಿಯಲಾರೆನೆಂಬ ಸ್ಥಿತಿಗೆ ತಾನು ಬಂದಿದ್ದೇನೆಂದು ಅವನಿಗೆ ತೋರಿದರೆ, ನಡುವೆಯೇ ಪ್ರಯೋಗವನ್ನು ಕೊನೆಗಾಣಿಸುವ ಸ್ವಾತಂತ್ರ್ಯ ಅವನಿಗಿರಬೇಕು ಎಂಬುದು ಅದು. ತೋರುವುದು ಯಾರಿಗೆ? ವೈದ್ಯನಿಗಲ್ಲ, ಅವನಿಗೆ. ನಿನ್ನ ಜಾನ್ ಕೇಳುತ್ತಿರುವುದು ಆ ಒಂಬತ್ತನೆಯದನ್ನು.

ಕಿರಿಯಳು: 1970ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ರಾಬರ್ಟ್ ವೈಟ್ ಎಂಬ ವೈದ್ಯರು ಒಂದು ಕೋತಿಯ ತಲೆಯನ್ನು ಇನ್ನೊಂದರ ಮುಂಡಕ್ಕೆ ಕೂಡಿಸಿದರೆಂದು ಓದಿದೆ. ಬೆನ್ನುಹುರಿಯನ್ನು ಕೂಡಿಸಲಾಗದೆ ಕುತ್ತಿಗೆಯ ಕೆಳಗೆಲ್ಲ ನಿಶ್ಚೇಷ್ಟಿತವಾಗಿದ್ದಾಗ, ಎಚ್ಚೆತ್ತ ಆ ತಲೆ ಎದುರಿನವರನ್ನು ಕಣ್ಣಿನಿಂದ ಹಿಂಬಾಲಿಸುತ್ತಿತ್ತಂತೆ, ಬೆರಳು ಬಂದರೆ ಕಚ್ಚಲು ಹೋಗುತ್ತಿತ್ತಂತೆ. ಆ ಕಚ್ಚುವಿಕೆ ಏನು ಮಾವ? ಅದೂ ಒಂದು ಮಾತಲ್ಲವೆ?

ಹಿರಿಯರು: ನಾವು ಅದಕ್ಕೆ ಪ್ರತಿವರ್ತನೆ ಎಂಬ ಹೆಸರಿಟ್ಟುಕೊಂಡಿದ್ದೇವೆ. ಮೊದಲ ವರ್ಷದ ಮಕ್ಕಳಿಗೆ ನಾನು ತೋರಿಸುತ್ತಿದ್ದ ಒಂದು ಪ್ರಯೋಗವನ್ನು ಹೇಳುತ್ತೇನೆ, ಕೇಳು. ಕಪ್ಪೆಯ ಮಿದುಳನ್ನು ನಾಶ ಮಾಡಿ, ಬೆನ್ನುಹುರಿಯನ್ನು ಉಳಿಸಿ, ಸ್ಟ್ಯಾಂಡಿಗೆ ತೂಗುಹಾಕುತ್ತಿದ್ದೆವು. ಉಗುರಿನಷ್ಟಗಲದ ಸೋಸುಕಾಗದವನ್ನು ತೆಳುವಾದ ಆಮ್ಲದಲ್ಲಿ ಅದ್ದಿ ಪಕ್ಕೆಗೆ ಅಂಟಿಸಿದರೆ, ತೂಗುಬಿದ್ದಿದ್ದ ಹಿಂಗಾಲು ನಿಧಾನವಾಗಿ ಮೇಲೆದ್ದು, ಮಡಿಸಿ, ಆ ಕಾಗದವನ್ನು ಸವರಿ ಕೆಳಗೆ ಕೆಡವುತ್ತಿತ್ತು. ಗುರಿ ತಪ್ಪುತ್ತಿರಲಿಲ್ಲ. ಪ್ರತಿವರ್ಷವೂ ಯಾರಾದರೊಂದು ಮಗು ಕೇಳುತ್ತಿತ್ತು, ಸಾರ್, ಅದಕ್ಕೆ ನೋವಾಗುತ್ತಿದೆಯೇ ಎಂದು. ನೋವನ್ನು ಅರಿಯುವ ಮಿದುಳಿಲ್ಲ, ಇದು ಬೆನ್ನುಹುರಿಯ ಪ್ರತಿವರ್ತನೆ ಮಾತ್ರ ಎಂದು ನಾನು ಉತ್ತರ ಕೊಡುತ್ತಿದ್ದೆ. ಆ ಉತ್ತರ ಸರಿಯಾದುದು. ಈಗಲೂ ಸರಿಯೆಂದೇ ಹೇಳುತ್ತೇನೆ. ಆದರೆ ಮೂವತ್ತೊಂದು ವರ್ಷ ಒಂದೇ ಉತ್ತರವನ್ನು ಹೇಳಿದವನ ನಾಲಗೆಗೆ ಅದು ಎಂಥ ಅಭ್ಯಾಸವಾಗಿಬಿಡುತ್ತದೆಂದರೆ…

ಕಿರಿಯಳು: ಅಜ್ಜಿಯ ಮಾತೇ, ಮಾವ?

ಹಿರಿಯರು: ನೀನು ಅದಕ್ಕಾಗಿಯೇ ಬಂದೆಯೆಂದು ತಲೆಯ ಪಟ್ಟಿಯನ್ನು ನೀನು ವರ್ಣಿಸಿದಾಗಲೇ ನನಗೆ ತಿಳಿಯಿತು.

ಕಿರಿಯಳು: ಬರುವಾಗ ನನಗೇ ತಿಳಿದಿರಲಿಲ್ಲ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ತಿಳಿಯಿತು.

ಹಿರಿಯರು: ಹನ್ನೊಂದು ದಿನ. ಅಮ್ಮನ ಗಂಟಲಲ್ಲಿ ಕೊಳವೆ, ಕೊಳವೆಯ ತುದಿಗೆ ಯಂತ್ರ. ಆಗಲೇ ನೀನು ಇಟ್ಟುಕೊಳ್ಳಿ ಎಂದ ಆಕ್ಷೇಪಣೆಯನ್ನು ಈಗ ನಾನೇ ತೆಗೆಯುತ್ತೇನೆ. ಎದೆಯಿಲ್ಲದ ತಲೆ ಮಾತನಾಡಲಾರದೆಂದೆನಲ್ಲವೆ? ಅಮ್ಮನಿಗೆ ಎದೆಯಿತ್ತು, ನಿಮಿಷಕ್ಕೆ ಹದಿನಾಲ್ಕು ಸಲ ಗಾಳಿ ತುಂಬುತ್ತಿತ್ತು; ಆದರೆ ಆ ಕೊಳವೆ ಧ್ವನಿತಂತುಗಳ ನಡುವೆಯೇ ಹಾಯ್ದು ಹೋಗುವುದರಿಂದ, ಅದರ ತುದಿಯ ಸಣ್ಣ ಬೆಲೂನು ಸುತ್ತಲಿನ ಸಂದಿಯನ್ನೆಲ್ಲ ಮುಚ್ಚಿಬಿಡುವುದರಿಂದ, ಒಂದು ಉಸಿರೂ ಆ ತಂತುಗಳನ್ನು ತಾಕುವುದಿಲ್ಲ. ಎಲ್ಲವೂ ಇದ್ದು ಮಾತಿಲ್ಲ. ಅಲ್ಲಿನ ವೈದ್ಯರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು; ಐದನೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು, ಮುಂದೇನು ಮಾಡೋಣ, ಸಾರ್, ನೀವೂ ಬಲ್ಲವರು ಎಂದು ಕೇಳಿದರು. ಮುಂದುವರಿಸಿ ಎಂದು ನಾನು ರುಜು ಹಾಕಿದೆ. ಎಂಟನೆಯ ದಿನ ಇನ್ನೊಂದು ಕಾಗದಕ್ಕೆ. ಪ್ರೇಮದಿಂದಲೇ ಹಾಕಿದೆ, ನಿನ್ನ ಆ ಬಿಲ್‌ನಂತೆಯೇ, ಅದೂ ನಟನೆಯಲ್ಲ.

ಕಿರಿಯಳು: ಆಗ ನಮ್ಮಲ್ಲಿ ಕಾನೂನೂ ಸ್ಪಷ್ಟವಾಗಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ ಗೌರವದಿಂದ ಸಾಯುವುದೂ ಹಕ್ಕೆಂದು, ಮೊದಲೇ ಬರೆದಿಟ್ಟ ಇಚ್ಛೆಯನ್ನು ಮನ್ನಿಸಬೇಕೆಂದು ಹೇಳಿದ್ದು 2018ರ ಮಾರ್ಚಿನಲ್ಲಿ. ಅದನ್ನು ನಡೆಸಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿದ್ದು 2025ರ ಜನವರಿಯಲ್ಲಿ. ಅಜ್ಜಿ ಹೋದದ್ದು ಅದಕ್ಕೆಲ್ಲ ಮುಂಚೆ.

ಹಿರಿಯರು: ಕಾನೂನನ್ನು ನನ್ನ ಮರೆಗೆ ಕರೆಯಬೇಡ ಮಗಳೇ. ಕಾನೂನಿಗೆ ಕೊಡಬೇಕಾದ ಉತ್ತರ ಬೇರೆ. ಒಂಬತ್ತನೆಯ ದಿನ ಸಂಜೆ ಅಮ್ಮನ ಕೈಯನ್ನು ನನ್ನ ಕೈಯಲ್ಲಿ ಇಟ್ಟುಕೊಂಡಿದ್ದಾಗ ಅವಳ ತೋರುಬೆರಳು ನನ್ನ ಅಂಗೈಯ ಮೇಲೆ ಚಲಿಸಿತು. ಸುಮ್ಮನೆ ನಡುಗಿದುದಲ್ಲ; ಒಂದು ಸುತ್ತು, ಒಂದು ಗೆರೆ, ನಿಂತು, ಮತ್ತೆ ಒಂದು ಸುತ್ತು. ಅವಳು ಅಕ್ಷರ ಕಲಿತದ್ದು ಮರಳು ಹರವಿದ ತಟ್ಟೆಯ ಮೇಲೆ, ಬೆರಳಿನಿಂದ ತಿದ್ದಿ; ನನಗೂ ಹಾಗೆಯೇ ಕಲಿಸಿದವಳು. ಆ ಬೆರಳನ್ನು ನಾನು ಗುರುತಿಸದೆ ಹೋಗುವುದು ಸಾಧ್ಯವಿರಲಿಲ್ಲ. ನೀನು ಮಂಚದ ಆಚೆಯಿಂದ, ಮಾವ, ಅಜ್ಜಿ ಏನೋ ಬರೆಯುತ್ತಿದ್ದಾರೆ ಎಂದೆ. ನಾನೇನೆಂದೆ, ನೆನಪಿದೆಯೆ?

ಕಿರಿಯಳು: ಇದೆ. ಅದು ಬರಿಯ ಪ್ರತಿವರ್ತನೆ, ಹೆದರಬೇಡ ಎಂದಿರಿ.

ಹಿರಿಯರು: ಎಂದು, ಹೊದಿಕೆಯನ್ನು ಸರಿಪಡಿಸುವ ನೆವದಿಂದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಪೂರ್ತಿ ಬರೆದು ಮುಗಿಸಲು ಬಿಡಲಿಲ್ಲ. ಬಿಟ್ಟಿದ್ದರೆ ಓದಬೇಕಾಗುತ್ತಿತ್ತು, ಓದಿದ ಮೇಲೆ ಮೂರನೆಯ ರುಜುವನ್ನು ಹೇಗೆ ಹಾಕಲಿ?

ಕಿರಿಯಳು: ಮಾವ, ನೀವು ಔಷಧಕ್ಕೆಂದು ಕೆಳಗೆ ಹೋದಿರಿ. ಆಗ ನಾನು ಈಚೆಗೆ ಬಂದು ನನ್ನ ಕೈಯನ್ನು ಅಜ್ಜಿಯ ಬೆರಳ ಕೆಳಗೆ ಇಟ್ಟೆ. ಅವರ ಕಣ್ಣು ಬಾಗಿಲಿನ ಕಡೆಗಿತ್ತು, ತಲೆಯನ್ನು ತಿರುಗಿಸಲಾಗದೆ ಕಣ್ಣಂಚಿನಿಂದ ನನ್ನನ್ನು ಹುಡುಕಿದರು. ಆ ನೋಟವನ್ನೇ ನಿನ್ನೆ ಆ ಸಿನಿಮಾದಲ್ಲಿ ಮತ್ತೆ ಕಂಡದ್ದು. ಅವರು ಬರೆದರು. ಎರಡು ಸಲ ಬರೆದರು.

ಹಿರಿಯರು: ಇಷ್ಟು ವರ್ಷ ಹೇಳಲಿಲ್ಲ ನೀನು.

ಕಿರಿಯಳು: ನೀವು ಕೇಳಲಿಲ್ಲ. ಬಾಯಿಬಿಟ್ಟು ಹೇಳಲು ಈಗಲೂ ಆಗದು. ಕೈ ಕೊಡಿ, ಹಾಗೆಯೇ ಬರೆಯುತ್ತೇನೆ.

ಹಿರಿಯರು: ಇಗೋ. ನಿಧಾನವಾಗಿ ಬರೆ, ಅಮ್ಮ ಎಷ್ಟು ನಿಧಾನವಾಗಿ ಬರೆದಳೋ ಅಷ್ಟೇ ನಿಧಾನವಾಗಿ. ಕೈ ಎಳೆದುಕೊಳ್ಳುವುದಿಲ್ಲ.